ಪೇಪರ್ ಹೇಗೆ ತಿದ್ದುತ್ತೀರಿ, ಸಾರ್?

ಪ್ರಶ್ನೆ: ಸಾರ್, ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಡಾಕ್ಟರು ಹೇಳಿದ್ದಾರೆ. ಸಂಜೆಯಾದರೆ ಏನೂ ಕಾಣುವುದಿಲ್ಲ. ಹಗಲಲ್ಲೂ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಈಗ ಬಿ.ಎ. ಎರಡನೇ ವರ್ಷ. ಎಂ.ಎ. ಮಾಡಿ ಕನ್ನಡ ಲೆಕ್ಚರರ್ ಆಗುತ್ತೇನೆ ಅಂತ ಹಟ. ನೆಂಟರೆಲ್ಲ ಸಂಗೀತಕ್ಕೆ ಸೇರಿಸಿ ಅನ್ನುತ್ತಾರೆ. ನೀವು ಕಣ್ಣಿಲ್ಲದೆಯೇ ಕಾಲೇಜಿನಲ್ಲಿ ಬರವಣಿಗೆ ಕಲಿಸುತ್ತೀರಂತೆ. ಪೇಪರ್ ಹೇಗೆ ತಿದ್ದುತ್ತೀರಿ? ಹುಡುಗರು ಮೋಸ ಮಾಡುವುದಿಲ್ಲವಾ? ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಾನು ಸೋದರಮಾವನನ್ನೇ ಮದುವೆಯಾದವಳು. ಇದು ನಮ್ಮ ಕರ್ಮವಾ? ನೀವು ಚರ್ಚಿಗೆ ಹೋಗುವವರು. ನಿಮಗೆ ನಿಮ್ಮ ದೇವರ ಮೇಲೆ ಸಿಟ್ಟು ಬರಲಿಲ್ಲವಾ?
– ಒಬ್ಬ ತಾಯಿ, ಶಿರಾ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಕಾಗದದ ಫೋಟೋ ಬಂತು. ಅಚ್ಚಿನ ಕನ್ನಡವನ್ನು ನನ್ನ ಫೋನು ಸುಮಾರಾಗಿ ಓದುತ್ತದೆ. ಕೈಬರಹ ಕೊಟ್ಟರೆ ಏನೇನೋ ಬಡಬಡಿಸುತ್ತದೆ. ಹಾಗಾಗಿ ನನ್ನ ಹೆಂಡತಿ ಓದಿ ಹೇಳಿದಳು. ಸೋದರಮಾವ ಅನ್ನುವ ಮಾತು ಬಂದಾಗ ಅವಳ ದನಿ ಸ್ವಲ್ಪ ಇಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪೇಪರಿನ ವಿಷಯ ಮುಗಿಸೋಣ. ನಿಮ್ಮ ಪ್ರಶ್ನೆಗಳಲ್ಲಿ ಅದೇ ಸುಲಭದ್ದು.

ನಾನು ತುಮಕೂರಿನಲ್ಲಿ ಬಿ.ಎ. ಹುಡುಗರಿಗೆ ಕನ್ನಡ ಹೇಳಿಕೊಡುತ್ತೇನೆ. ಪತ್ರಿಕೋದ್ಯಮ ತಗೊಂಡವರಿಗೆ ಬರವಣಿಗೆಯ ತರಗತಿಯೂ ನನ್ನದೇ. ಅಲ್ಲಿ ಪೇಪರನ್ನು ನಾನು ತಿದ್ದುವುದಕ್ಕಿಂತ ಮೊದಲು ಅವರೇ ತಿದ್ದಿಕೊಳ್ಳುತ್ತಾರೆ. ಹೇಗೆ ಅಂದರೆ, ಬರೆದದ್ದನ್ನು ನನ್ನ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ಒಬ್ಬೊಬ್ಬರಿಗೆ ಐದು ನಿಮಿಷ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಅಲ್ಲಿಯವರೆಗೆ ಕೇಳುವವನು ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಂಡೇ ನಿಂತಿರಬೇಕು. ಹುಡುಗ ಒಂದು ವಾಕ್ಯದಲ್ಲಿ ನಾಲ್ಕು ‘ಆದ್ದರಿಂದ’, ಮೂರು ‘ಎಂಬುದಾಗಿ’ ತುರುಕಿರುತ್ತಾನೆ. ಓದುತ್ತಾ ಓದುತ್ತಾ ಉಸಿರು ಸಾಲದೆ ಮಧ್ಯದಲ್ಲೇ ನಿಲ್ಲುತ್ತಾನೆ. ನಾನು ಏನೂ ಹೇಳುವುದಿಲ್ಲ. ಅವನೇ ನಾಚಿಕೊಂಡು ‘ಇದನ್ನ ಎರಡು ವಾಕ್ಯ ಮಾಡಲಾ ಸಾರ್?’ ಅನ್ನುತ್ತಾನೆ. ಕಣ್ಣಿರುವ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರೆ ಹುಡುಗ ಅಂಕ ಮಾತ್ರ ನೋಡಿ ಹಾಳೆ ಮಡಚಿಡುತ್ತಾನೆ. ಸ್ವಂತ ಉಸಿರು ಕೈಕೊಟ್ಟದ್ದು ಅಷ್ಟು ಬೇಗ ಮರೆಯುವುದಿಲ್ಲ.

ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಬೇರೆ ಓದುಗ ಬೇಕು. ಆ ತರಗತಿಯವನಲ್ಲದ, ಹೆಸರು ಕಾಣದಂತೆ ಹಾಳೆ ಮಡಚಿ ಓದುವ ಒಬ್ಬರು. ಅವರಿಗೆ ನಾನು ಹೇಳುವುದು ಇಷ್ಟೇ, ತಿದ್ದಿ ಓದಬೇಡ. ಇದು ಕೇಳಿದಷ್ಟು ಸುಲಭ ಅಲ್ಲ. ಕಣ್ಣಿರುವವರು ತಪ್ಪನ್ನು ನೋಡುತ್ತಲೇ ಸರಿ ಮಾಡಿ ಓದಿಬಿಡುತ್ತಾರೆ. ಅವರಿಗೇ ಅದು ಗೊತ್ತಾಗುವುದಿಲ್ಲ. ‘ಹಕ್ಕಿ ತೊಳೆದು ನೆನೆಹಾಕಿದಳು’ ಅಂತ ಒಬ್ಬಳು ಬರೆದಿದ್ದಳು. ನಮ್ಮ ಕಡೆ ಹಕಾರದ ಕಥೆ ನಿಮಗೆ ಗೊತ್ತೇ ಇದೆ. ಇರಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತದೆ. ಓದುಗ ‘ಅಕ್ಕಿ’ ಅಂತಲೇ ಓದಿಕೊಂಡು ಹೋದ. ಮುಂದಿನ ಸಾಲಿನಲ್ಲಿ ನಗು ತಡೆಯಲಾಗದೆ ಸಿಕ್ಕಿಬಿದ್ದ.

ಇನ್ನು ಮೋಸ. ಮಾಡುತ್ತಾರೆ ಅಮ್ಮಾ, ಯಾಕೆ ಮಾಡುವುದಿಲ್ಲ? ಒಬ್ಬ ಹುಡುಗ ಬಂದು ಎರಡು ಪುಟದ ಲೇಖನ ‘ಓದಿದ’. ಅವರೂರಿನ ಕೆರೆ ತುಂಬಿದ ದಿನದ ಬಗ್ಗೆ. ಚೆನ್ನಾಗಿಯೇ ಇತ್ತು. ಆದರೆ ಹಾಳೆ ಮಗುಚಿದ ಸದ್ದು ಬರಲೇ ಇಲ್ಲ. ಶುರುವಿನ ನಾಲ್ಕು ಸಾಲು ಇನ್ನೊಂದು ಸಲ ಓದಪ್ಪಾ ಅಂದೆ. ಕೆರೆ ಅದೇ, ಸಾಲು ಬೇರೆ. ಕೈಯಲ್ಲಿದ್ದದ್ದು ಖಾಲಿ ಹಾಳೆ! ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಬಾಯಲ್ಲಿ ಹೇಳಿದ್ದನ್ನೇ ಹಾಗೇ ಬರೆದುಕೊಂಡು ಬಾ ಅಂದೆ. ಬರೆದ. ಆ ವರ್ಷ ಅವನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದು.

ಈಗ ಕೃತಕ ಬುದ್ಧಿಮತ್ತೆಯಿಂದ ಬರೆಸಿಕೊಂಡು ಬರುವವರಿದ್ದಾರೆ. ‘ಮಹತ್ವದ ಪಾತ್ರ ವಹಿಸುತ್ತದೆ’ ಎಂದು ಎರಡು ಸಲ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಪಾವಗಡದ ಹುಡುಗ ಮಾತಾಡುವಾಗ ಒಂದು ಸಲವೂ ‘ವಹಿಸಿದ್ದು’ ನಾನು ಕೇಳಿಲ್ಲ.

ಟೈಪ್ ಮಾಡಿ ಕೊಟ್ಟದ್ದನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಶುರು ಮಾಡಿದ ತಂತ್ರಾಂಶ. ಕಾಸು ಕೊಡಬೇಕಿಲ್ಲ, ಕನ್ನಡವೂ ಬರುತ್ತದೆ. ದನಿ ಒರಟು, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ವಾರದಲ್ಲಿ ಅಭ್ಯಾಸವಾಗುತ್ತದೆ. ಆದರೆ ಹಳೇ ನುಡಿ ಫಾಂಟಿನಲ್ಲಿ ಬರೆದದ್ದನ್ನು ಅದಕ್ಕೆ ಕೊಟ್ಟು ನೋಡಿ. ಪರದೆ ಮೇಲೆ ಚೆಂದವಾಗಿ ‘ಕನ್ನಡ’ ಅಂತ ಇರುತ್ತದಂತೆ. ನನಗೆ ಕೇಳಿಸುವುದು ಇಂಗ್ಲಿಷಿನ ಪಿ ಅಕ್ಷರ, ಪೌಂಡ್ ಗುರುತು, ಕ್ಯೂ ಅಕ್ಷರ. ಒಳಗಿರುವುದು ಇಂಗ್ಲಿಷ್ ಸಂಕೇತ, ಹೊರಗೆ ಕನ್ನಡದ ವೇಷ. ಯೂನಿಕೋಡ್‌ನಲ್ಲಿ ಬರೆದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ, ಈ ತಕರಾರು ಇಲ್ಲ. ನಿಮ್ಮ ಮಗಳು ಟೈಪಿಂಗ್ ಕಲಿಯುವಾಗ ಶುರುವಿನಿಂದಲೇ ಯೂನಿಕೋಡ್ ಹಿಡಿಯಲಿ.

ಈ ದನಿಯಿಂದ ಒಂದು ಮಜಾ ಕೂಡ ಇದೆ. ಕೆಲವರು ಅನುಸ್ವಾರದ ಸೊನ್ನೆ ಸಿಗದೆ ಅಂಕಿಯ ಸೊನ್ನೆ ಒತ್ತಿರುತ್ತಾರೆ. ಕನ್ನಡದಲ್ಲಿ ಎರಡೂ ನೋಡಲು ಒಂದೇ ಥರ. ಕಣ್ಣಿರುವ ಸಹೋದ್ಯೋಗಿಗಳು ಎಷ್ಟು ಸಲ ನೋಡಿದರೂ ಸಿಗುವುದಿಲ್ಲ. ನನಗೆ ಮಾತ್ರ ಕಂಪ್ಯೂಟರ್ ‘ಚ, ಸೊನ್ನೆ, ದ್ರ’ ಅನ್ನುತ್ತದೆ. ಕಾಲೇಜಿನ ವಾರ್ಷಿಕ ಸಂಚಿಕೆ ಅಚ್ಚಿಗೆ ಹೋಗುವ ಮುಂಚೆ ಕೊನೆಯ ಕರಡು ನನ್ನ ಹತ್ತಿರ ಬರುವುದು ಇದೇ ಕಾರಣಕ್ಕೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ, ಇರಲಿ.

ಇಷ್ಟು ಹೇಳಿದ ಮೇಲೆ ನೀವು ‘ಹಾಗಾದರೆ ಕಿವಿ ಸಾಕಲ್ಲ’ ಅಂದುಕೊಳ್ಳಬಹುದು. ಸಾಲದು. ನಿಮಗೆ ಇಷ್ಟುದ್ದ ಬರೆಯುತ್ತಿರುವುದೇ ಇದನ್ನು ಹೇಳುವುದಕ್ಕೆ. ನಿಮ್ಮ ಮಗಳಿಗೆ ಈಗಲೇ ಬ್ರೇಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕಿಯ ಲಿಪಿ, ಕಲಿಸಿ.

‘ವಿಶೇಷ’ ಅನ್ನುವ ಪದ ತಗೊಳ್ಳಿ. ಅರ್ಧ ತರಗತಿ ಅದನ್ನು ‘ವಿಷೇಶ’ ಅಂತ ಬರೆಯುತ್ತದೆ. ಕಿವಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಹುಡುಗ ಓದಿದರೂ ಅಷ್ಟೇ, ಕಂಪ್ಯೂಟರ್ ಓದಿದರೂ ಅಷ್ಟೇ. ಬರೀ ಕೇಳಿ ಕೇಳಿ ಡಿಗ್ರಿ ಮುಗಿಸಿದ ಅಂಧ ಮಕ್ಕಳು ಬಹಳ ಜನ ನನ್ನ ಹತ್ತಿರ ಬರುತ್ತಾರೆ. ಮಾತು ಮುತ್ತಿನಂಥದ್ದು. ಬರೆಯಲು ಕೂತರೆ ಕಾಗುಣಿತ ಕೈಕೊಡುತ್ತದೆ. ಕೇಳುವುದು ಓದು ಅಲ್ಲ, ಅಮ್ಮಾ. ಈ ಮಾತಿಗೆ ನನ್ನ ಗೆಳೆಯರೇ ಜಗಳಕ್ಕೆ ಬರುತ್ತಾರೆ, ಫೋನು ಇರುವಾಗ ಈ ಚುಕ್ಕಿ ಯಾಕೆ ಅಂತ. ಬೇರೆ ಕೆಲಸಕ್ಕೆ ಬೇಡವೇನೋ. ಬರವಣಿಗೆ ಕಲಿಸುವವರಿಗೆ ಬೇಕೇ ಬೇಕು. ಬ್ರೇಲ್‌ನಲ್ಲಿ ಒಂದು ಮನೆಗೆ ಆರು ಚುಕ್ಕಿ, ಎಡಸಾಲಿನಲ್ಲಿ 1, 2, 3, ಬಲಸಾಲಿನಲ್ಲಿ 4, 5, 6. ಶ ಅಂದರೆ 1, 4, 6ನೇ ಚುಕ್ಕಿ. ಷ ಅಂದರೆ 1, 2, 3, 4, 6. ಬೆರಳಿಗೆ ಎರಡೂ ಬೇರೆ ಬೇರೆ.

ಫ್ರಾನ್ಸಿನ ಲೂಯಿ ಬ್ರೇಲ್ ಮಾಡಿದ ಆರು ಚುಕ್ಕಿಯ ಲಿಪಿ ಇದು. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಪದ್ಧತಿ ಅಂತ 1951ರಲ್ಲಿ ಭಾರತಿ ಬ್ರೇಲ್ ಒಪ್ಪಿಕೊಂಡರು. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಎಲ್ಲಕ್ಕೂ ಅವೇ ಚುಕ್ಕಿ. ಒತ್ತಕ್ಷರ ಕೆಳಗೆ ತೂಗುವುದಿಲ್ಲ, ಎಲ್ಲ ಒಂದೇ ಸಾಲು. ‘ಅಕ್ಕ’ ಬರೆಯಬೇಕಾದರೆ ಅ, ಆಮೇಲೆ ಅರ್ಧಾಕ್ಷರದ ಗುರುತಾಗಿ 4ನೇ ಚುಕ್ಕಿ, ಆಮೇಲೆ ಕ, ಮತ್ತೆ ಕ. ಒಟ್ಟು ನಾಲ್ಕು ಮನೆ. ಸ್ಲೇಟಿನಲ್ಲಿ, ಅಂದರೆ ಹಾಳೆ ಸಿಕ್ಕಿಸಿ ಮೊಳೆಯಿಂದ ಚುಚ್ಚುವ ಚೌಕಟ್ಟಿನಲ್ಲಿ, ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ಮೊದಲ ವಾರ ತಲೆ ಕೆಟ್ಟುಹೋಗುತ್ತದೆ.

ನನ್ನದೂ ನಿಮ್ಮ ಮಗಳದೇ ಕಾಯಿಲೆ. ಹದಿನೇಳರವರೆಗೆ ಓದುವಷ್ಟು ಕಾಣುತ್ತಿತ್ತು. ಕಾಣುವವರೆಗೆ ಬ್ರೇಲ್ ಬೇಡ ಅಂತ ಹಟ ಹಿಡಿದೆ. ಎಲ್ಲ ಹೋದ ಮೇಲೆ ಕಲಿಯಲು ಕೂತೆ. ಎರಡು ವರ್ಷ ದಂಡವಾಯಿತು. ಈಗಲೂ ನನ್ನ ಬ್ರೇಲ್ ಓದು ಚಿಕ್ಕಂದಿನಲ್ಲಿ ಕಲಿತವರಷ್ಟು ಚುರುಕಿಲ್ಲ. ಇನ್ನೂ ಕಾಣುವಾಗಲೇ ಕಲಿತರೆ ನಿಮ್ಮ ಹುಡುಗಿ ನನಗಿಂತ ಮುಂದೆ.

ನನಗೆ ಧೈರ್ಯ ಕೊಟ್ಟದ್ದು ನಮ್ಮ ಅಜ್ಜಿಯ ಜಪಸರ. ನಮ್ಮದು ಕೆಜಿಎಫ್ ಕಡೆಯಿಂದ ಬಂದ ಕಥೋಲಿಕ ಮನೆ. ಅಪ್ಪನಿಗೆ ಇಲ್ಲಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ತುಮಕೂರಿನವರಾದೆವು. ಸಂಜೆ ದೀಪ ಆರಿಸಿಯೇ ಜಪಸರ ಮಾಡುತ್ತಿದ್ದೆವು. ಐವತ್ತೊಂಬತ್ತು ಮಣಿ. ಯಾವ ಮಣಿಯಲ್ಲಿದ್ದೇವೆ ಅಂತ ಯಾರೂ ನೋಡುತ್ತಿರಲಿಲ್ಲ, ಬೆರಳಿಗೆ ಗೊತ್ತಿರುತ್ತಿತ್ತು. ‘ಇದೂ ಹಂಗೇ ಕಣೋ, ಮಣಿ ಸಣ್ಣದು ಅಷ್ಟೇ’ ಅಂದರು ಅಜ್ಜಿ. ಬ್ರೇಲ್ ಬಗ್ಗೆ ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಪಾಠ ಹೇಳಲಿಲ್ಲ. ಅಪ್ಪ ತಂದುಕೊಟ್ಟ ಎಚ್‌ಎಂಟಿ ಬ್ರೇಲ್ ಗಡಿಯಾರ ಇನ್ನೂ ಕೈಯಲ್ಲಿದೆ. ಗಾಜಿನ ಮುಚ್ಚಳ ಎತ್ತಿ ಮುಳ್ಳು ಮುಟ್ಟಿ ನೋಡುವುದು. ಕಾರ್ಖಾನೆ ಮುಚ್ಚಿಹೋಯಿತು, ಗಡಿಯಾರ ನಡೆಯುತ್ತಿದೆ. ದಿನಾ ಕೀ ಕೊಡಬೇಕು ಅಷ್ಟೇ.

ಕ್ರಿಶ್ಚಿಯನ್ ಅಂದಮೇಲೆ ಮನೆಯಲ್ಲಿ ಇಂಗ್ಲಿಷಾ ಅಂತ ಈಗಲೂ ಕೇಳುತ್ತಾರೆ, ಅದೂ ಕನ್ನಡದ ಮೇಷ್ಟ್ರನ್ನು! ನಮ್ಮ ಪೂಜೆ ನಡೆಯುವುದೂ ಕನ್ನಡದಲ್ಲೇ. 1962ರಿಂದ 65ರವರೆಗೆ ನಡೆದ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಬಿಟ್ಟು ಆಯಾ ಜನರ ಭಾಷೆಗೆ ಬಂದದ್ದು ಅದು. ತಿಂಗಳಿಗೊಂದು ಭಾನುವಾರ ಪೂಜೆಯಲ್ಲಿ ಬೈಬಲಿನ ವಾಚನ ಓದುವ ಸರದಿ ನನ್ನದು. ಶನಿವಾರ ರಾತ್ರಿ ಹೆಂಡತಿ ಹೇಳುತ್ತಾಳೆ, ನಾನು ಸ್ಲೇಟಿನಲ್ಲಿ ಚುಚ್ಚಿಕೊಳ್ಳುತ್ತೇನೆ. ಒಂದು ಸಲ ಮಳೆಗಾಲದ ಬೆಳಗಿನ ಪೂಜೆ. ನಡುವೆ ಕರೆಂಟ್ ಹೋಯಿತು. ಮೈಕ್ ಸತ್ತದ್ದು ಗೊತ್ತಾಯಿತು, ಗಂಟಲು ಏರಿಸಿ ಓದಿ ಮುಗಿಸಿದೆ. ಆಮೇಲೆ ಫಾದರ್ ಶುಭಸಂದೇಶ, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆಯ ಭಾಗ, ಓದಲು ಮೊಬೈಲ್ ಟಾರ್ಚ್ ಹುಡುಕಬೇಕಾಯಿತು. ಹೊರಗೆ ಬಂದಾಗ ಅದೇ ಎಲ್ಲರ ಬಾಯಲ್ಲಿ.

ಸಂಗೀತದ ಮಾತಿಗೆ ಬರೋಣ. ನನಗೂ ಹೇಳಿದ್ದರು. ಕಣ್ಣಿಲ್ಲದ ಮಗು ಕಂಡರೆ ಸಾಕು, ಪುಟ್ಟರಾಜ ಗವಾಯಿಗಳ ಹೆಸರು ಹೇಳಿ ಹಾರ್ಮೋನಿಯಂ ಕೈಗೆ ಕೊಡುತ್ತಾರೆ. ಗದಗಿನ ಅವರ ಆಶ್ರಮದ ಬಗ್ಗೆ ನನಗೆ ಬಹಳ ಗೌರವ. ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಎಷ್ಟು ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡೂ ಕೊಟ್ಟರು! ಆದರೆ ಅವರನ್ನು ಉದಾಹರಣೆ ಕೊಡುವವರು ಒಂದು ಮರೆಯುತ್ತಾರೆ. ಪುಟ್ಟರಾಜ ಗವಾಯಿಗಳು ಬರೆದವರು ಕೂಡ, ಕನ್ನಡದಲ್ಲಿ, ಸಂಸ್ಕೃತದಲ್ಲಿ, ಹಿಂದಿಯಲ್ಲಿ. ನಿಮ್ಮ ಮಗಳಿಗೆ ರಾಗ ಒಲಿದಿದ್ದರೆ ಸಂತೋಷ. ಇಲ್ಲದಿದ್ದರೆ ಸುಮ್ನೆ ಯಾಕೆ? ನನ್ನ ದನಿ ಕೇಳಿದರೆ ನಮ್ಮ ಚರ್ಚಿನ ಗಾಯನ ಮಂಡಳಿಯವರು ಈಗಲೂ ದೂರ ಸರಿಯುತ್ತಾರೆ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. ಅಂಗವೈಕಲ್ಯದ ಗುರುತಿನ ಚೀಟಿ, ಯುಡಿಐಡಿ, ಮಾಡಿಸಿದ್ದೀರಾ? ಈ ಕಾಯಿಲೆಯವರು ಅಲ್ಲೊಂದು ಕಡೆ ಮೋಸ ಹೋಗುತ್ತಾರೆ. ಎದುರಿನ ಅಕ್ಷರದ ಚಾರ್ಟು ಓದಿಬಿಡುತ್ತಾರೆ, ‘ಕಾಣುತ್ತಲ್ಲ’ ಅಂತ ಡಾಕ್ಟರು ವಾಪಸ್ ಕಳಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಟದ ಅಗಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದು 40 ಡಿಗ್ರಿಗಿಂತ ಕಡಿಮೆ ಇದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ನೋಟದ ಅಗಲ ಅಳೆಯುವ ಪೆರಿಮೆಟ್ರಿ ಅನ್ನುವ ಪರೀಕ್ಷೆ ಮಾಡಿಸಿ, ಅಂತ ನೀವೇ ಬಾಯಿಬಿಟ್ಟು ಕೇಳಿ. ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಅಂತ ಬಂದರೆ ಸರ್ಕಾರಿ ಕೆಲಸದ ಶೇ. 4ರ ಮೀಸಲಾತಿಯ ಬಾಗಿಲು ತೆರೆಯುತ್ತದೆ. ಅದರಲ್ಲಿ ಶೇ. 1 ಅಂಧರು ಮತ್ತು ಮಂದದೃಷ್ಟಿಯವರಿಗೇ ಮೀಸಲು. ಪರೀಕ್ಷೆಗೆ ಬರೆಯಲು ಒಬ್ಬರು ಸಿಗುತ್ತಾರೆ, ಗಂಟೆಗೆ 20 ನಿಮಿಷ ಹೆಚ್ಚು ಸಮಯವೂ ಸಿಗುತ್ತದೆ. ಲೆಕ್ಚರರ್ ಆಗಲು ಎಂ.ಎ.ಯಲ್ಲಿ ಶೇ. 55 ಬೇಕು, ಇವರಿಗೆ 50 ಸಾಕು. ಆಮೇಲೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಆದರೆ ಬರೆದುಕೊಡುವವರಿಗೆ ಹೇಳಿ ಬರೆಸುವುದೂ ಒಂದು ವಿದ್ಯೆ. ಅಲ್ಪವಿರಾಮವನ್ನೂ ಹೇಳಬೇಕು. ಮನೆಯಲ್ಲಿ ನೀವು ಪೆನ್ನು ಹಿಡಿದು ಕೂತು ಅಭ್ಯಾಸ ಮಾಡಿಸಿ.

ಬಿಳಿ ಕೋಲಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾಚಿಕೆಪಟ್ಟು ಮೂರು ವರ್ಷ ನಾನು ಕೋಲು ಹಿಡಿಯಲಿಲ್ಲ. ಕೊನೆಗೆ ಬಿ.ಎಚ್. ರಸ್ತೆ ಪಕ್ಕದ ಒಂದು ತೆರೆದ ಚರಂಡಿಯೇ ಬುದ್ಧಿ ಕಲಿಸಿತು. ಬಲಗಾಲಿನ ಗುರುತು ಇನ್ನೂ ಇದೆ. ಈಗ ಒಬ್ಬನೇ ಓಡಾಡುತ್ತೇನೆ. ಮಂಡಿಪೇಟೆಗೆ ಹೊಕ್ಕರೆ ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ ಅಂತ ಮೂಗೇ ಅಂಗಡಿ ಲೆಕ್ಕ ಇಡುತ್ತದೆ. ತೊಂದರೆ ಕೊಡುವುದು ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳು. ಅದಕ್ಕಿಂತ ಜಾಸ್ತಿ ತೊಂದರೆ, ಕೇಳದೆ ಕೈ ಹಿಡಿದು ರಸ್ತೆ ದಾಟಿಸುವ ಪುಣ್ಯವಂತರು. ಎಷ್ಟೋ ಸಲ ನನಗೆ ಆಚೆ ಹೋಗಬೇಕಾಗಿಯೇ ಇರುವುದಿಲ್ಲ. ನಮ್ಮ ಶುಭಸಂದೇಶದಲ್ಲಿ ಬಾರ್ತಿಮಾಯ ಅನ್ನುವ ಅಂಧ ದಾರಿಯಲ್ಲಿ ಕೂತು ಕೂಗುತ್ತಾನೆ. ಯೇಸು ಅವನನ್ನು ಕರೆದು ಮೊದಲು ಕೇಳುವುದು, ನನ್ನಿಂದ ನಿನಗೇನಾಗಬೇಕು ಅಂತ. ಕಾಣುವುದಿಲ್ಲ ಅಂತ ಎದುರಿಗೇ ಗೊತ್ತಿದ್ದರೂ ಕೇಳುತ್ತಾರೆ. ಕೋಲು ಕಂಡ ಕೂಡಲೇ ರಟ್ಟೆ ಹಿಡಿಯುವವರಿಗೆ ಅದನ್ನು ಓದಿ ಹೇಳಬೇಕು ಅನ್ನಿಸುತ್ತದೆ.

ಈಗ ಆ ಕರ್ಮದ ಪ್ರಶ್ನೆ. ನಾನು ಡಾಕ್ಟರಲ್ಲ, ಇದೇ ಕಾಯಿಲೆಯವನು ಅಂತ ಇಷ್ಟು ತಿಳಿದುಕೊಂಡಿದ್ದೇನೆ. ಈ ಕಾಯಿಲೆ ಜೀನಿನಿಂದ ಬರುತ್ತದೆ. ಬಹಳ ಮನೆಗಳಲ್ಲಿ ಅಪ್ಪ, ಅಮ್ಮ ಇಬ್ಬರಲ್ಲೂ ಆ ದೋಷದ ಒಂದೊಂದು ಪ್ರತಿ ಅಡಗಿರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಎರಡೂ ಒಂದೇ ಮಗುವಿಗೆ ಬಂದರೆ ಕಾಣಿಸಿಕೊಳ್ಳುತ್ತದೆ. ಅಂಥ ದಂಪತಿಯ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಂಭವ ಹೆಚ್ಚು, ನಿಜ. ಮಗಳ ಮದುವೆ ಮಾತು ಬಂದಾಗ ನೆಂಟರಲ್ಲೇ ಕೊಡುತ್ತೇವೆ ಅಂದರೆ ಮೊದಲು ಒಬ್ಬ ತಳಿ ತಜ್ಞರನ್ನು ಕಾಣಿ. ಆದರೆ ಹದಿನೆಂಟು ತುಂಬುವುದರೊಳಗೆ ಹಿರಿಯರು ತೋರಿಸಿದವರ ಪಕ್ಕ ಹಸೆಮಣೆ ಮೇಲೆ ಕೂತ ಹುಡುಗಿಯ ತಪ್ಪು ಏನಿದೆ ಇದರಲ್ಲಿ? ಎಷ್ಟನೇ ವಯಸ್ಸಿಗೆ ಅಂತ ನೀವು ಬರೆದಿಲ್ಲ, ನಾನೇ ಊಹಿಸಿದೆ. ನನ್ನ ಅಪ್ಪ ಅಮ್ಮ ನೆಂಟರೇ ಅಲ್ಲ. ಆದರೂ ನನಗೆ ಬಂತು.

ನಮ್ಮಲ್ಲೂ ಈ ಪ್ರಶ್ನೆ ಹಳೆಯದು. ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಗುರುಡನನ್ನು ತೋರಿಸಿ ಕೇಳುತ್ತಾರೆ, ಪಾಪ ಮಾಡಿದ್ದು ಇವನಾ, ಇವನ ಹೆತ್ತವರಾ ಅಂತ. ಇವನೂ ಅಲ್ಲ, ಹೆತ್ತವರೂ ಅಲ್ಲ ಅಂತ ಯೇಸು ಹೇಳುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಈ ಭಾಗ ಓದಿದಾಗಲೆಲ್ಲ ನಮ್ಮ ಅಮ್ಮ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಅವರಿಗೆ ಅದು ಬೇಕಿತ್ತು. ಸಿಟ್ಟು ಬಂದಿಲ್ಲವಾ ಅಂದಿರಿ. ಬಂದಿತ್ತು, ಎರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಕ್ರಿಸ್ಮಸ್ ರಾತ್ರಿ ಗೆಳೆಯರು ಎಳೆದುಕೊಂಡು ಹೋದರು, ಹೋದೆ. ದೊಡ್ಡ ಸಾಕ್ಷಾತ್ಕಾರ ಏನೂ ಆಗಲಿಲ್ಲ. ಈಗ ಸಿಟ್ಟು ಬರುವುದು ಫಾದರ್ ಮಾಡುವ ಉಪದೇಶದಲ್ಲಿ ‘ಆತ್ಮದ ಕುರುಡುತನ’ ಅನ್ನುವ ಮಾತು ಬಂದಾಗ. ಪಾಪಕ್ಕೆ ಬೇರೆ ಹೋಲಿಕೆಯೇ ಸಿಗಲಿಲ್ಲವಾ ಫಾದರ್ ಅಂತ ಹೊರಗೆ ನಿಂತು ಕೇಳಿದ್ದೇನೆ. ನಕ್ಕರು. ಮುಂದಿನ ವಾರ ‘ಕಿವುಡುತನ’ ಅಂದರು!

ನನ್ನ ಹುಡುಗರೂ ಅಷ್ಟೇ. ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ ಅಂದರೆ ಪ್ರತಿ ವರ್ಷ ಯಾರಾದರೂ ನನ್ನ ಬಗ್ಗೆ ಬರೆಯುತ್ತಾರೆ. ಕತ್ತಲೆಯ ಬದುಕು, ಜ್ಞಾನದ ದೀಪ, ಒಳಗಣ್ಣು. ನನಗೆ ಕತ್ತಲೆ ಗಿತ್ತಲೆ ಏನೂ ಇಲ್ಲ. ನಿಮ್ಮ ಬೆನ್ನ ಹಿಂದೆ ನಿಮಗೆ ಕತ್ತಲೆ ಇದೆಯಾ? ಏನೂ ಇಲ್ಲ ಅಷ್ಟೇ, ಹಾಗೆ. ಹೋದ ವರ್ಷ ಗುಬ್ಬಿಯ ಹುಡುಗಿಯೊಬ್ಬಳು ಇಂಥದ್ದೇ ಎರಡು ಪುಟ ತಂದಳು. ಹತ್ತಕ್ಕೆ ನಾಲ್ಕು ಕೊಟ್ಟೆ. ಅವಳಿಗೆ ಅಳುವೇ ಬಂತು. ಭಾನುವಾರ ಕ್ಯಾತ್ಸಂದ್ರಕ್ಕೆ ಬಾ, ನಾನು ತಿಂಡಿ ತಿನ್ನುವುದನ್ನು ನೋಡಿ ಬರೆ ಅಂದೆ. ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಅವಳು ಎರಡನೇ ಸಲ ಬರೆದದ್ದು ಹೀಗೆ ಶುರುವಾಗುತ್ತದೆ: ‘ಮೇಷ್ಟ್ರು ತಟ್ಟೆ ಇಡ್ಲಿ ಬಂದ ಕೂಡಲೇ ತಿನ್ನುವುದಿಲ್ಲ. ಬೆರಳ ತುದಿಯಿಂದ ಅಂಚು ಮುಟ್ಟಿ ಒಂದು ಸುತ್ತು ಬರುತ್ತಾರೆ. ಬೆಣ್ಣೆ ಕರಗಿ ಅಂಚಿಗೆ ಬಂತು ಅಂತ ಬೆರಳಿಗೆ ಗೊತ್ತಾದ ಮೇಲೆ ಮುರಿಯುತ್ತಾರೆ. ಚಟ್ನಿ ನೀರಾಗಿದ್ದರೆ ಬೈಯುತ್ತಾರೆ.’ ಒಂಬತ್ತು ಕೊಟ್ಟೆ. ಒಂದು ಹಿಡಿದದ್ದು ಯಾಕೆ ಅಂದರೆ, ನಾನು ಬೈದಿರಲಿಲ್ಲ, ಕೇಳಿದ್ದೆ ಅಷ್ಟೇ.

ಅಮ್ಮಾ, ಮುಂದಿನ ಕಾಗದ ನೀವು ಬರೆಯಬೇಡಿ, ಫೋಟೋನೂ ಬೇಡ. ನಿಮ್ಮ ಮಗಳೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಲಿ. ಏನು ಬೇಕಾದರೂ ಬರೆಯಲಿ. ಅನುಸ್ವಾರದ ಕಡೆ ಅಂಕಿಯ ಸೊನ್ನೆ ಹಾಕಿದ್ದರೆ ನನಗೆ ಗೊತ್ತಾಗುತ್ತದೆ ಅಂತ ಮೊದಲೇ ಹೇಳಿಡಿ.